ಬೇವಿನ ಗಿಡವಿಲ್ಲದ ಹೊಲದ ಫೋಟೋ

ನನ್ನ ಮದುವೆ ಮಾತು ಹಳ್ಳ ಹಿಡಿಯುವ ಹಂತಕ್ಕೆ ಹೋದದ್ದು ಮೊಬೈಲಿನ ವಾಲ್‌ಪೇಪರಿನಿಂದ. ಸಾಮಾನ್ಯವಾಗಿ ಇಂಥ ಕಡೆ ಇನ್ನೊಬ್ಬ ಹುಡುಗಿಯ ಫೋಟೋ ಇರುತ್ತದೆ, ಅದರಿಂದ ರಂಪವಾಗುತ್ತದೆ. ನನ್ನ ಹಣೆಬರಹದಲ್ಲಿ ಅಷ್ಟು ಮರ್ಯಾದೆಯ ಕಾರಣವೂ ಬರೆದಿರಲಿಲ್ಲ. ನನ್ನ ಮೊಬೈಲಿನಲ್ಲಿದ್ದದ್ದು ಕರ್ರಗಿನ ನೆಲ, ನಡುವೆ ಯಾರೋ ಸುಣ್ಣದ ಬಕೀಟು ಒದ್ದು ಓಡಿಹೋದಂತೆ ಬಿಳಿ ಕಲೆಗಳು. ಮಂಗಳ ಮತ್ತು ಗುರುವಿನ ನಡುವೆ ಲೆಕ್ಕವಿಲ್ಲದಷ್ಟು ಕಲ್ಲುಬಂಡೆಗಳು ಸೂರ್ಯನನ್ನು ಸುತ್ತುತ್ತಿವೆಯಲ್ಲ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸೀರಿಸ್ ಎಂಬ ಕುಬ್ಜ ಗ್ರಹ. ಅದರ ಮೇಲಿನ ಒಂದು ಕುಳಿಯ ಫೋಟೋ ಅದು.

ಅವ್ವ ಅದನ್ನು ಮೊದಲ ಸಲ ನೋಡಿದಾಗ ಕಾರಣ ಹೇಳದೆ ಎರಡು ದಿನ ನನಗೆ ಮಜ್ಜಿಗೆ ಅನ್ನವನ್ನೇ ಬಡಿಸಿದಳು. ಬಾಯಿಯೊಳಗೆ ಪೈಪು ಇಳಿಸಿ ತೆಗೆಯುತ್ತಾರಲ್ಲ, ಅಂಥ ನನ್ನ ಹೊಟ್ಟೆಯ ಫೋಟೋ ಅದು, ಒಳಗೆ ಹುಣ್ಣಾಗಿದೆ, ಮಗ ಮುಚ್ಚಿಡುತ್ತಿದ್ದಾನೆ ಅಂತ ಅವಳ ಸಂಶಯ. ಗ್ರಹ ಅಂತ ಹೇಳಿದ ಮೇಲೂ ಪೂರ್ತಿ ನಂಬಲಿಲ್ಲ. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿ, ಇದು ಹೊಟ್ಟೆಯಲ್ಲದಿದ್ದರೆ ಯಾರೋ ಪಾಪಡಖಾರ ಚೆಲ್ಲಿದ್ದಾರೆ ಅಂದಳು. ಹಪ್ಪಳ ಮಾಡುವಾಗ ಉದ್ದಿನ ಹಿಟ್ಟಿಗೆ ಒಂದು ಬಿಳಿ ಪುಡಿ ಹಾಕುತ್ತಾರೆ, ಅದು ಪಾಪಡಖಾರ. ಮನೆಯಲ್ಲಿ ಬರೀ ಖಾರ ಅಂತಲೇ ಅನ್ನುತ್ತೇವೆ. ಮೆಣಸಿನ ಪುಡಿಗೂ ಖಾರ ಅಂತಲೇ ಅನ್ನುತ್ತೇವೆ. ಯಾವ ಡಬ್ಬಿಯಲ್ಲಿ ಯಾವುದು ಅಂತ ಅವ್ವನಿಗೆ ಗೊತ್ತು, ಆದ್ದರಿಂದ ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾವ ಅನಾಹುತವೂ ಆಗಿರಲಿಲ್ಲ.

ಅವ್ವನ ಮಾತು ಸುಮಾರಾಗಿ ಸರಿಯೇ ಇತ್ತು. ಆ ಬಿಳಿ ಕಲೆಗಳ ಮುಖ್ಯ ಸರಕು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಒಗೆಯುವ ಸೋಡಾ, ಪಾಪಡಖಾರದ ಒಡಹುಟ್ಟು. ಇದನ್ನೆಲ್ಲ ನಾನು ಓದಿದ್ದು ಕೆಲಸದ ಜಾಗದಲ್ಲಿ. ಬೀದರಿನ ಒಂದು ಆನ್‌ಲೈನ್ ಸೆಂಟರಿನಲ್ಲಿ ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಹಾಲ್ ಟಿಕೆಟ್, ಜಾತಿ ಪ್ರಮಾಣಪತ್ರ, ಪಹಣಿ, ಯಾವುದು ಬೇಕಾದರೂ ತೆಗೆದುಕೊಡುತ್ತೇನೆ, ಸರ್ವರ್ ಇದ್ದರೆ. ಸರ್ವರ್ ಇಲ್ಲದಾಗ ಜನ ನನ್ನ ಮುಖ ನೋಡುತ್ತಾರೆ, ನಾನು ಸೌರಮಂಡಲ ನೋಡುತ್ತೇನೆ. ಹೀಗೆ ನೋಡಿ ನೋಡಿ ಸೀರಿಸ್ ಮೇಲೆ ಮನಸ್ಸು ಕೂತಿತು. ಅದರ ಕಥೆ ನನ್ನ ಕಥೆಯೇ. ಕಂಡುಹಿಡಿದ ಹೊಸದರಲ್ಲಿ ಅದಕ್ಕೆ ಗ್ರಹ ಅಂದರು. ಅಕ್ಕಪಕ್ಕ ಅಂಥವೇ ಇನ್ನಷ್ಟು ಸಿಕ್ಕ ಮೇಲೆ, ಇದು ಗ್ರಹವಲ್ಲ, ಬಂಡೆ ಅಂತ ಕೆಳಗಿಳಿಸಿದರು. ಎಷ್ಟೋ ಕಾಲದ ಮೇಲೆ ಕನಿಕರಪಟ್ಟು ಕುಬ್ಜ ಗ್ರಹ ಅಂದರು. ನನ್ನನ್ನೂ ಅವ್ವ ಮೊದಲು ಓಣಿಯ ತುಂಬ ಇಂಜಿನಿಯರ್ ಅಂತ ಹೇಳಿಕೊಂಡು ಬಂದಳು. ಡಿಪ್ಲೊಮಾ ಅರ್ಧಕ್ಕೆ ನಿಂತ ಮೇಲೆ ನನ್ನ ಮಾತೇ ತೆಗೆಯಲಿಲ್ಲ. ಈಗ ಕೇಳಿದವರಿಗೆ 'ಕಂಪ್ಯೂಟರ್ ಕೆಲಸ' ಅನ್ನುತ್ತಾಳೆ.

ಸೀರಿಸ್ ಹತ್ತಿರ ಹೋದ ನೌಕೆಯ ಹೆಸರು ಡಾನ್. ಬೆಳಗಿನ ಜಾವ ಅಂತ ಅರ್ಥ, ಗೂಂಡಾ ಅಂತ ಅಲ್ಲ. ಅದು ಇನ್ನೂ ದೂರದಲ್ಲಿದ್ದಾಗ ಕರಿ ಮುಖದ ಮೇಲೆ ಎರಡು ಚುಕ್ಕೆ ಮಿಣಮಿಣ ಅನ್ನುವುದು ಕಂಡಿತು. ಭೂಮಿಯ ಮೇಲೆ ಕೂತವರಿಗೆಲ್ಲ ಸಂಶಯ ಶುರುವಾಯಿತು. ಕೆಲವರು ಹಿಮ ಅಂದರು, ಕೆಲವರು ಜ್ವಾಲಾಮುಖಿ ಅಂದರು, ಯಾರೋ ದೀಪ ಹಚ್ಚಿಕೊಂಡು ಕೂತಿದ್ದಾರೆ ಅಂದವರೂ ಇದ್ದರು. ನೌಕೆ ಅವಸರ ಮಾಡಲಿಲ್ಲ. ದೂರದಿಂದ ಸುತ್ತಿತು, ಸ್ವಲ್ಪ ಇಳಿದು ಮತ್ತೆ ಸುತ್ತಿತು, ಇನ್ನೂ ಇಳಿಯಿತು. ಕೊನೆಗೆ ನೋಡಿದರೆ ಉಪ್ಪು.

ಇದನ್ನು ನಾನು ಬಾಯಿ ತುಂಬ ಹೇಳಿದ್ದು ಒಬ್ಬಳಿಗೆ. ಭಾಲ್ಕಿಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಹುಡುಗಿ. ಯಾವುದೋ ಅರ್ಜಿ ಹಾಕಲು ಬೀದರಿಗೆ ಬಂದಿದ್ದಳು, ಸರ್ವರ್ ಎಂದಿನಂತೆ ಮಲಗಿತ್ತು. ನಾನು ವಾಲ್‌ಪೇಪರ್ ತೋರಿಸಿ ಭಾಷಣ ಶುರು ಮಾಡಿದೆ. ಆಕೆ ಫೋಟೋ ದಿಟ್ಟಿಸಿ ನೋಡಿ, ನಮ್ಮೂರು ಡಾಬಕಾದಲ್ಲಿ ನಮ್ಮ ಹೊಲದಲ್ಲೂ ಒಂದು ಮೂಲೆಗೆ ಹೀಗೆಯೇ ಕರಿ ಮಣ್ಣಿನ ಮೇಲೆ ಬಿಳಿ ಸವಳು ಏಳುತ್ತದೆ, ಅಲ್ಲಿ ಏನೂ ಬೆಳೆಯುವುದಿಲ್ಲ ಅಂದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಉಪ್ಪ ಅಂತೀರಿ. ಅದು ಮ್ಯಾಲ ಹ್ಯಾಂಗ ಬಂತ್ರಿ?"

ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಿಗೆ ಬರುವುದು ಸರ್ವರ್ ಬಗ್ಗೆ ಮಾತ್ರ. "ಗಾಳಿಗಿ ಹಾರಿ ಬಂದಿರ್ತದ್ರಿ," ಅಂದೆ.

"ಅಲ್ಲಿ ಗಾಳಿ ಅದೇನ್ರಿ?"

ಇಲ್ಲ. ಸೀರಿಸ್ ಮೇಲೆ ಗಾಳಿ ಅನ್ನಬಹುದಾದದ್ದು ಇಲ್ಲವೇ ಇಲ್ಲ. ನಾನು ಒಮ್ಮೆಲೇ ಕೀಬೋರ್ಡಿನ ಧೂಳು ಒರೆಸಲು ಶುರು ಮಾಡಿದೆ. ಆಕೆ ನಗಲಿಲ್ಲ. ಖೋಟಾ ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ ನನ್ನನ್ನು ನೋಡಿ ಹೋದಳು. ಆ ನೋಟಕ್ಕೇ ನಾನು ಬಿದ್ದೆ ಅಂತ ಹೇಳಿದರೆ ಯಾರೂ ನಂಬುವುದಿಲ್ಲ, ಆದರೂ ಹೇಳುತ್ತೇನೆ. ಅದಕ್ಕೂ ಮೊದಲು ಎರಡು ಮನೆಯವರು ನನ್ನನ್ನು ನೋಡಿ, ಹುಡುಗ ಭಾಳ ಮಾತಾಡ್ತಾನೆ ಅಂತ ಬಿಟ್ಟಿದ್ದರು. ಈಕೆ ನನ್ನ ಮಾತನ್ನು ಪೂರ್ತಿ ಕೇಳಿ, ಅದರೊಳಗಿನ ತೂತಿಗೆ ನೇರ ಬೆರಳಿಟ್ಟಿದ್ದಳು.

ಭಾಲ್ಕಿಯಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಅವ್ವನ ತಮ್ಮ, ಅಂದರೆ ನನ್ನ ಮಾಮಾ ಇದ್ದಾನೆ. ಅವನ ಹತ್ತಿರ ಹೋಗಿ ವಿಷಯ ಬಿಚ್ಚಿದೆ. ಅವನಿಗೆ ಹುಡುಗಿಯ ಅಪ್ಪನ ಪರಿಚಯ ಇತ್ತು. ಭಾಲ್ಕಿಯ ಅಡತಿ ಅಂಗಡಿಗೆ ತೊಗರಿ ಮಾರಲು ತರುವ ಮನುಷ್ಯ. ತೊಗರಿಯನ್ನು ಮನೆಯಲ್ಲಿ ತೂಗಿ, ದಾರಿಯಲ್ಲಿ ಪರಿಚಯದವರ ಅಂಗಡಿಯಲ್ಲಿ ತೂಗಿ, ಆಮೇಲೆ ಅಡತಿಯಲ್ಲಿ ತೂಗಿಸುವಾಗ ತಕ್ಕಡಿಯ ಕೆಳಗೆ ಬಗ್ಗಿ ನೋಡುವವನು. ಮಾಮಾ ಸಂಬಂಧ ತಾನೇ ಹುಡುಕಿದಂತೆ ಮಾತು ಎತ್ತಿದ. ನನಗೆ ಒಂದೇ ಕರಾರು ಹಾಕಿದ.

"ನೀವಿಬ್ರು ಮೊದಲೇ ಮಾತಾಡೀರಿ ಅಂತ ಗೊತ್ತಾದ್ರ ಅಂವ ಚಾಪಿನೂ ಹಾಸಂಗಿಲ್ಲ. ನೀ ಆಕಿನ್ನ ನೋಡೇ ಇಲ್ಲ. ತಿಳೀತಿಲ್ಲೋ?"

ತಿಳಿಯಿತು ಅಂದೆ. ಆಕೆಗೂ ಯಾರ ಕೈಯಲ್ಲೋ ಹೇಳಿ ಕಳಿಸಿದ. ಆಕೆ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಹುಡುಗ ಉಪ್ಪಿನ ಉತ್ತರ ಹುಡುಕಿದನಾ ಅಂತ ಕೇಳಿದಳಂತೆ. ಮಾಮಾನಿಗೆ ಇದು ಯಾವುದೋ ಗುಪ್ತ ಭಾಷೆ ಅನಿಸಿ, ನಮ್ಮಿಬ್ಬರ ನಡುವೆ ಬರೀ ಮಾತೇ ಆಗಿದೆಯೋ ಇನ್ನೇನಾದರೂ ಇದೆಯೋ ಅಂತ ಅವನಿಗೇ ಶಕ್ ಬಂತು.

ಹುಡುಗಿ ನೋಡಲು ಹೋಗುವ ದಿನ ನಾನು, ಅವ್ವ ಬೀದರಿನ ಅಂಚಿನಲ್ಲಿರುವ ನಮ್ಮ ನೌಬಾದದಿಂದ ಬಸ್ಸು ಹಿಡಿದು ಔರಾದಿಗೆ ಹೋದೆವು, ಮಾಮಾ ಅಲ್ಲಿ ಸೇರಿಕೊಂಡ, ಮುಂದೆ ಟಂಟಂ ರಿಕ್ಷಾದಲ್ಲಿ ಡಾಬಕಾ. ಹುಡುಗಿಯ ಅಪ್ಪ ಬಾಗಿಲಲ್ಲೇ ನಿಂತಿದ್ದರು. ನೌಬಾದದಲ್ಲಿ ಮನೆ ಯಾವ ಕಡೆ ಅಂತ ಕೇಳಿದರು. ಹೇಳಿದೆ. ನೀರು ಕೊಟ್ಟ ಮೇಲೆ, ಬಸ್ಸು ಇಳಿದರೆ ನಿಮ್ಮ ಮನೆ ಎಡಕ್ಕೋ ಬಲಕ್ಕೋ ಅಂದರು. ಹೇಳಿದೆ. ಚಾಪೆಯ ಮೇಲೆ ಕೂತ ಮೇಲೆ, ಮುಂಜಾನೆ ಬಿಸಿಲು ನಿಮ್ಮ ಮನೆಯ ಯಾವ ಗೋಡೆಗೆ ಬೀಳುತ್ತದೆ ಅಂದರು. ಮೂರೂ ಉತ್ತರಗಳನ್ನು ಒಳಗೆ ಜೋಡಿಸಿ ನೋಡುತ್ತಿದ್ದರು ಅಂತ ಕಾಣುತ್ತದೆ. ನನ್ನ ಸ್ವಂತ ಮನೆಯ ಬಗ್ಗೆ ನನಗೇ ಅನುಮಾನ ಹುಟ್ಟಿತು.

ಹುಡುಗಿ ಅವಲಕ್ಕಿಯ ತಟ್ಟೆ ತಂದಿಟ್ಟಳು. ನಾನು ಆಕೆಯನ್ನು ಮೊದಲ ಸಲ ನೋಡಿದವನ ಹಾಗೆ ನಟಿಸಬೇಕಿತ್ತು. ಎಷ್ಟು ಚೆನ್ನಾಗಿ ನಟಿಸಿದೆನೆಂದರೆ ಬೆಚ್ಚಿಬಿದ್ದು ಬಾಯಿಗಿಟ್ಟ ಅವಲಕ್ಕಿಯನ್ನು ನೆತ್ತಿಗೇರಿಸಿಕೊಂಡೆ. ಎಲ್ಲರೂ ನನ್ನ ಬೆನ್ನು ಗುದ್ದುವಾಗ ಜೇಬಿನಿಂದ ಮೊಬೈಲ್ ಜಾರಿ ಚಾಪೆಯ ಮೇಲೆ ಬಿತ್ತು, ಪರದೆ ಹೊತ್ತಿಕೊಂಡಿತು. ಕಾಕಾ ಅದನ್ನು ಎತ್ತಿಕೊಂಡರು. ಹುಡುಗಿಯ ಅಪ್ಪನಿಗೆ ನಾನು ಕಾಕಾ ಅಂತಲೇ ಅನ್ನುತ್ತಿದ್ದೆ. ಅವರು ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಅಡ್ಡ ಮಾಡಿದರು. ಯಾರ ಫೋಟೋ ಇದು ಅಂದರು.

"ಡಾನ್ ತಗದಿದ್ದು, ಕಾಕಾ," ಅಂದೆ ಕೆಮ್ಮುತ್ತ.

ಕೆಮ್ಮಿನ ನಡುವೆ ಡಾನ್ ಡ್ರೋನ್ ಆಗಿ ಕೇಳಿತು ಅಂತ ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ನನಗೆ ಕಂಡದ್ದು ಒಬ್ಬ ಆಸಕ್ತ ಶ್ರೋತೃ. ಕೆಮ್ಮು ನಿಂತಿತು, ಭಾಷಣ ಶುರುವಾಯಿತು. ಮೇಲಿನಿಂದ ಸುತ್ತಿ ಸುತ್ತಿ ತೆಗೆದದ್ದು, ನಡುವೆ ಬಿಳಿಯದಾಗಿ ಕಾಣುವುದು ಉಪ್ಪು, ಮನೆಮಾತಿನಲ್ಲಿ ಹೇಳಬೇಕಂದರೆ ಖಾರ. "ಭಾಳ ಖಾರ ಅದರಿ," ಅಂದೆ. "ಸುಮಾರು ಖಾರ ಅಲ್ಲ, ಎಲ್ಲಾ ಕಡಿಗಿಂತ ಜಾಸ್ತಿ ಖಾರ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹುಡುಗಿಯ ಅವ್ವ ಒಳಗಿನಿಂದ ಒಂದು ಬಟ್ಟಲು ಸಕ್ಕರೆ, ಒಂದು ಬಟ್ಟಲು ಮೊಸರು ತಂದು ನನ್ನ ಅವಲಕ್ಕಿಯ ಪಕ್ಕ ಇಟ್ಟು, ಹಸಿ ಮೆಣಸಿನಕಾಯಿ ಎರಡೇ ಹಾಕಿದ್ದು ಅಂತ ನನ್ನ ಅವ್ವನಿಗೆ ಸಂಕೋಚದಿಂದ ಹೇಳಿದರು. ನನ್ನ ಅವ್ವ ನನ್ನ ತೊಡೆ ಚಿವುಟಿದಳು. ಈ ತಪ್ಪು ತಿದ್ದಬೇಕು ಅಂತ ನನಗೆ ಅವಸರವಾಯಿತು. ನನ್ನ ಜೀವನದಲ್ಲಿ ಸಣ್ಣ ತಪ್ಪು ತಿದ್ದಲು ಹೋದಾಗಲೇ ದೊಡ್ಡದು ಆಗುತ್ತದೆ.

"ಅವಲಕ್ಕಿ ಅಲ್ರಿ. ಈ ಬಿಳೇ ಖಾರ. ನಿಮ್ಮ ಹೊಲದ ಮೂಲ್ಯಾಗೂ ಇದೇ ಅದಲ್ರಿ."

ಮಾಮಾ ಕಣ್ಣು ಮುಚ್ಚಿಕೊಂಡ. ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ಕಾಕಾ ಮೊಬೈಲನ್ನು ನಿಧಾನವಾಗಿ ಚಾಪೆಯ ಮೇಲೆ ಇಟ್ಟರು.

"ನಮ್ಮ ಹೊಲ ನೀವು ಎಂದ ನೋಡೀರಿ?"

ನನಗೆ ಉತ್ತರ ಗೊತ್ತಿತ್ತು. ಅದೇ ತೊಂದರೆ. ನಿಮ್ಮ ಮಗಳೇ ಹೇಳಿದಳು ಅಂದರೆ ನಾನು ಬಚಾವ್, ಆಕೆ ಮುಳುಗಿದಳು. ಭಾಲ್ಕಿಯ ಕ್ಲಾಸೂ ನಿಲ್ಲುತ್ತಿತ್ತೋ ಏನೋ. ಹೇಳದಿದ್ದರೆ ನಾನು ಮುಳುಗಿದೆ. ಜೀವನದಲ್ಲಿ ಮೊದಲ ಸಲ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು, ಅದೂ ತೆರೆಯಬೇಕಾದ ಹೊತ್ತಿನಲ್ಲಿ.

ಕಾಕಾ ತಾವೇ ಲೆಕ್ಕ ಹಾಕಿದರು. ಹುಡುಗ ಪಹಣಿ ತೆಗೆಯುವ ಅಂಗಡಿಯಲ್ಲಿದ್ದಾನೆ. ಮೊಬೈಲಿನಲ್ಲಿ ಮೇಲಿನಿಂದ ತೆಗೆದ ಹೊಲ ಇದೆ. ಡ್ರೋನ್ ಅಂತ ಬಾಯಿಬಿಟ್ಟು ಹೇಳಿದ್ದಾನೆ. ಸವಳು ಎಲ್ಲಿದೆ ಅಂತ ಗೊತ್ತಿದೆ. ಅಂದರೆ ಇವರು ಹುಡುಗಿ ನೋಡಲು ಬರುವ ಮೊದಲು ಭೂಮಿ ನೋಡಿಕೊಂಡು ಬಂದಿದ್ದಾರೆ. ಎಷ್ಟು ನೆಲ ಒಳ್ಳೆಯದು, ಎಷ್ಟು ಕೆಟ್ಟದ್ದು ಅಂತ ಅಳೆದಿದ್ದಾರೆ. ಈ ಲೆಕ್ಕವನ್ನು ಅವರು ಜೋರು ಮಾಡದೆ, ಒಂದೊಂದಾಗಿ ಬೆರಳು ಮಡಚಿ ಹೇಳಿದರು. ಅಷ್ಟು ಚೆನ್ನಾಗಿ ಕೂಡಿತೆಂದರೆ ನನ್ನ ಅವ್ವನೂ ನನ್ನ ಕಡೆ ತಿರುಗಿ, ಖರೇ ಏನೋ ಅಂದಳು.

ಡ್ರೋನ್ ಅಲ್ಲ, ಡಾನ್ ಅಂದೆ. ಯಾವ ಡಾನ್, ಯಾವ ಊರಿನವನು ಅಂತ ಅವರ ಸಂಶಯ ಇನ್ನೊಂದು ಮೆಟ್ಟಿಲು ಏರಿತು. ಇದು ಭೂಮಿಯ ಫೋಟೋನೇ ಅಲ್ಲ, ಭೂಮಿಯಿಂದ ಕೋಟಿಗಟ್ಟಲೆ ಕಿಲೋಮೀಟರ್ ದೂರ ಅಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ನಡೀರಿ ಅಂದರು. ಹೊಲಕ್ಕೆ.

ಮಧ್ಯಾಹ್ನದ ಬಿಸಿಲು. ಮುಂದೆ ಕಾಕಾ, ಹಿಂದೆ ನಾನು, ನನ್ನ ಹಿಂದೆ ಮಾಮಾ. ಅವನು ದಾರಿಯುದ್ದಕ್ಕೂ ನನ್ನನ್ನು ಹೆತ್ತವಳ ವಂಶದ ಬಗ್ಗೆ ಮೆಲ್ಲಗೆ ಮಾತಾಡುತ್ತಿದ್ದ, ಅದು ಅವನ ವಂಶವೂ ಹೌದು ಅನ್ನುವುದು ಮರೆತಿದ್ದ. ಹೊಲದ ಮೂಲೆಗೆ ಬಂದಾಗ ನಾನು ನಿಂತುಬಿಟ್ಟೆ. ಇದ್ದಿಲಿನಂಥ ಕರಿ ಮಣ್ಣು, ತಗ್ಗಿನಲ್ಲಿ ಬೆಳ್ಳಗೆ ಹೊಳೆಯುವ ಹಕ್ಕಳೆ, ಸುತ್ತ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ನನ್ನ ಮೊಬೈಲನ್ನು ಯಾರೋ ನೆಲಕ್ಕೆ ಹಾಸಿದ ಹಾಗಿತ್ತು. ನಾನು ಕಾಕಾನ ಜಾಗದಲ್ಲಿದ್ದಿದ್ದರೆ ನನ್ನನ್ನು ಅಲ್ಲೇ ಕಟ್ಟಿಹಾಕುತ್ತಿದ್ದೆ.

ಕಾಕಾ ಫೋಟೋ ಕೈಯಲ್ಲಿ ಹಿಡಿದು ಹೊಲದ ಜೊತೆ ಹೋಲಿಸಿ ನೋಡಿದರು. ನನಗೆ ಒಂದು ಆಸೆ ಹುಟ್ಟಿತು. ಸವಳಿನ ಪಕ್ಕದಲ್ಲೇ ದೊಡ್ಡದೊಂದು ಬೇವಿನ ಗಿಡ ನಿಂತಿತ್ತು. ಫೋಟೋದಲ್ಲಿ ಗಿಡ ಎಲ್ಲಿದೆ ನೋಡ್ರಿ ಕಾಕಾ ಅಂದೆ. ಅವರು ಹುಡುಕಿದರು. ಇರಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

"ಗಿಡ ಯಾಕ ಅಳಿಸೀರಿ?" ಅಂದರು.

ಮಾಮಾ ಬೇವಿನ ನೆರಳಿಗೆ ಹೋಗಿ ಕೂತ. ಈ ಸಂಬಂಧ ಮುಗಿಯಿತು, ಇನ್ನು ಔರಾದಿಗೆ ಟಂಟಂ ಸಿಗುತ್ತದೋ ಇಲ್ಲವೋ ಅಂತ ಅವನ ಮುಖ ಹೇಳುತ್ತಿತ್ತು.

ಆಗ ಹುಡುಗಿ ಬದುವಿನ ಮೇಲೆ ಬರುವುದು ಕಂಡಿತು. ಕೈಯಲ್ಲಿ ನೀರಿನ ಬಾಟಲಿ, ಬರಲು ಅದೊಂದು ನೆಪ. ಬಂದವಳು ಬಾಟಲಿಯನ್ನು ಅಪ್ಪನ ಕೈಗೆ ಕೊಟ್ಟು, ಅವರು ಕುಡಿಯುವ ತನಕ ಕಾದಳು.

"ಅಪ್ಪಾ, ಹೊಲದ ಮಾತು ಇವರಿಗಿ ನಾನೇ ಹೇಳೀನಿ. ಅರ್ಜಿ ಹಾಕ್ಲಿಕ್ಕಿ ಬೀದರಕ್ಕ ಹೋಗಿದ್ದೆನಲ್ಲ, ಇವರ ಅಂಗಡಿಗೇ ಹೋಗಿದ್ದೆ."

ಕಾಕಾ ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಬೇವಿನ ಕೆಳಗಿದ್ದ ಮಾಮಾನನ್ನು ನೋಡಿದರು. ಮಾಮಾ ಬೇರೆ ಯಾವುದೋ ಊರಿನವನ ಹಾಗೆ ಕೂತಿದ್ದ. ಇಷ್ಟು ಹೊತ್ತು ಮುಚ್ಚಿಟ್ಟದ್ದನ್ನು ಆಕೆ ಒಂದೇ ಉಸಿರಿನಲ್ಲಿ ಬಿಚ್ಚಿದ್ದಳು, ನನ್ನ ಸಲುವಾಗಿ. ಅಥವಾ ನನ್ನ ಪಾಡು ನೋಡಲಾರದೆ. ಆಕೆ ಅಪ್ಪನ ಉತ್ತರಕ್ಕೆ ಕಾಯಲಿಲ್ಲ, ನನ್ನ ಕಡೆ ತಿರುಗಿದಳು.

"ಈಗ ಹೇಳ್ರಿ. ಉಪ್ಪ ಮ್ಯಾಲ ಹ್ಯಾಂಗ ಬಂತು?"

ಆ ಪ್ರಶ್ನೆಗೆ ನಾನು ಎಷ್ಟೋ ಸರ್ವರ್ ಡೌನ್‌ಗಳನ್ನು ಖರ್ಚು ಮಾಡಿದ್ದೆ. ಸೀರಿಸ್‌ನ ಒಳಗೆ ಉಪ್ಪುನೀರು ಇದೆ, ಅಂದೆ. ಮೇಲಿನಿಂದ ಒಂದು ಬಂಡೆ ಬಂದು ಬಡಿದು ಕುಳಿ ಆಯಿತು, ನೆಲ ಬಿರುಕು ಬಿಟ್ಟಿತು. ಆ ಬಿರುಕುಗಳಲ್ಲಿ ಉಪ್ಪುನೀರು ಮೇಲಕ್ಕೆ ಬಂತು. ಮೇಲೆ ಗಾಳಿ ಇಲ್ಲದ್ದರಿಂದ ನೀರು ನಿಲ್ಲಲಿಲ್ಲ, ಹಾರಿಹೋಯಿತು, ಉಪ್ಪು ಉಳಿಯಿತು. ಆ ಬಿಳುಪು ಇನ್ನೂ ಮಾಸಿಲ್ಲ, ಅಂದರೆ ಇದು ತೀರಾ ಹಳೆಯದಲ್ಲ, ಅಡಿಯಲ್ಲಿ ಇನ್ನೂ ನೀರು ಇರಬಹುದು. ಗಾಳಿಗೆ ಹಾರಿ ಬಂತು ಅಂದದ್ದು ಸುಳ್ಳು, ನಾನೇ ಹುಟ್ಟಿಸಿದ್ದು. ಇಷ್ಟನ್ನು ಒಂದೂ ಜೋಕು ಸೇರಿಸದೆ ಹೇಳಿದೆ. ಆಕೆ ತಲೆ ಅಲ್ಲಾಡಿಸಿದಳು. ಖೋಟಾ ನೋಟಿನ ನೋಟ ಹೋಗಿರಲಿಲ್ಲ, ಆದರೆ ನೋಟನ್ನು ಕೆಳಗೆ ಇಳಿಸಿದ್ದಳು.

ಕಾಕಾ ಸವಳಿನ ಮೇಲೆ ಕಾಲ್ಬೆರಳಿನಿಂದ ಗೀರುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರಿಗೆ ಈ ಕಥೆ ಹೊಸದಲ್ಲ ಅನಿಸಿರಬೇಕು. ಬಾವಿ ನೀರು ಜಾಸ್ತಿ ಬಿಟ್ಟ ಹೊಲದಲ್ಲೂ ಇದೇ ಆಗುತ್ತದೆ, ನೀರು ಮೇಲೆ ಬರುವುದು, ಬಿಸಿಲಿಗೆ ಹೋಗುವುದು, ಬಿಳಿ ಉಳಿಯುವುದು. ಗೀರುವುದನ್ನು ನಿಲ್ಲಿಸಿ ಕೇಳಿದರು:

"ಹಂಗಾದ್ರ ಅಲ್ಲಿ ಬಾವಿ ನೀರು ಯಾರ ಜಾಸ್ತಿ ಬಿಟ್ಟಾರ?"

"ಅಲ್ಲಿ ಯಾರೂ ಇಲ್ರಿ ಕಾಕಾ."

"ಯಾರೂ ಇಲ್ದ ಹೊಲ ಕೆಡ್ತದೇನು?" ಅಂದು ಅವರು ಊರಿನ ಕಡೆ ಹೆಜ್ಜೆ ಹಾಕಿದರು. ಸೀರಿಸ್‌ನಲ್ಲಿ ಯಾರೋ ಇದ್ದಾರೆ, ನಾನು ಅವರ ಹೆಸರು ಮುಚ್ಚಿಡುತ್ತಿದ್ದೇನೆ ಅನ್ನುವ ಅನುಮಾನ ಅವರಿಗೆ ಈಗಲೂ ಇದೆ.

ಅವತ್ತು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಚಹಾ ಕುಡಿಸಿ ಕಳಿಸಿದರು. ನೌಬಾದ ಬಂದ ಮೇಲೆ ಅವ್ವ, ಆ ಹುಡುಗಿ ಹೊಲದ ತನಕ ಬಿಸಿಲಲ್ಲಿ ಬಂದಳಲ್ಲ ಅಂತ ಮಾತ್ರ ಅಂದಳು. ನಾನು ಸೆಂಟರಿಗೆ ಹೋಗಿ ಕೂತೆ. ನೌಕೆಯ ಇಂಧನ ಮುಗಿದು ಎಷ್ಟೋ ವರ್ಷವಾಯಿತು, ಕಣ್ಣು ಕಿವಿ ಎಲ್ಲ ಬಂದ್ ಆಗಿ ಅದು ಈಗಲೂ ಸೀರಿಸ್ ಸುತ್ತ ಸುಮ್ಮನೆ ಸುತ್ತುತ್ತಿದೆ. ಅದರ ಅವಸ್ಥೆ ನನಗೆ ಆ ದಿನಗಳಲ್ಲಿ ಚೆನ್ನಾಗಿ ಅರ್ಥವಾಯಿತು.

ಆಮೇಲೆ ಒಂದು ಭಾನುವಾರ ಹೇಳದೆ ಕೇಳದೆ ಕಾಕಾ ನಮ್ಮ ಮನೆಗೆ ಬಂದರು, ಮಾಮಾನನ್ನು ಜೊತೆಗೆ ಎಳೆದುಕೊಂಡು. ಬಸ್ಸು ಇಳಿದ ಮೇಲೆ ಎಡಕ್ಕೆ ತಿರುಗಿದರಂತೆ, ಮನೆ ಎಡಕ್ಕೇ ಸಿಕ್ಕಿತಂತೆ. ಒಳಗೆ ಕೂರುವ ಮೊದಲು ಗೋಡೆಯ ಮೇಲಿನ ಬಿಸಿಲು ನೋಡಿದರು. ಆಮೇಲೆ ಮಾಳಿಗೆ ನೋಡಬೇಕು ಅಂದರು. ಮಾಳಿಗೆಯ ಮೇಲೆ ಅವ್ವ ಹಪ್ಪಳ ಒಣಹಾಕಿದ್ದಳು. ಅವರು ನೀರಿನ ಟಾಕಿಯ ಹಿಂದೆ ಬಗ್ಗಿ ನೋಡಿದರು, ಹಳೆಯ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದರು.

"ಡ್ರೋನ್ ಎಲ್ಲಿಟ್ಟೀರಿ, ತಮ್ಮಾ?"

ಇಲ್ಲ ಕಾಕಾ, ನನ್ನ ಹತ್ತಿರ ಸೈಕಲ್ಲೂ ಇಲ್ಲ ಅಂದೆ. ಅವರು ನಂಬದವರ ಹಾಗೆ ಸಣ್ಣಗೆ ನಕ್ಕು, ಆ ಫೋಟೋ ಜರಾ ನನಗೂ ಕಳಿಸು ಅಂದರು. ಕಳಿಸಿದೆ. ಅದನ್ನು ಹೇಗೆ ಪರದೆಯ ಮೇಲೆ ಕೂರಿಸುವುದು ಅಂತ ಕೇಳಿ, ನನ್ನ ಕೈಯಿಂದಲೇ ಕೂರಿಸಿಕೊಂಡರು. ನಾನು ಹಪ್ಪಳ ತಿರುವಿ ಹಾಕುವ ನೆಪದಲ್ಲಿ ಅಲ್ಲೇ ಇದ್ದೆ. ಡಾಬಕಾದಿಂದ ಯಾರದೋ ಫೋನ್ ಬಂತು. ಕಾಕಾ ಕಟ್ಟೆಗೆ ಒರಗಿ ಮಾತಾಡಿದರು.

"ಹೌದು, ನಮ್ಮದೇ ಹೊಲ. ಭಾಳ ಮ್ಯಾಲಿಂದ ತಗದಾನ. ಯಾರಂದ್ರ? ನಮ್ಮ ಅಳಿಯ."

ಅವ್ವ ಮೆಟ್ಟಿಲ ಮೇಲೆ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಆ ಕೊನೆಯ ಮಾತು ಕೇಳಿದವಳೇ ಚಹಾ ಕೊಡದೆ ಹಾಗೇ ಕೆಳಗಿಳಿದು ಹೋದಳು, ಸಕ್ಕರೆ ಇನ್ನಷ್ಟು ಹಾಕಿಕೊಂಡು ಬರಲು. ಇದು ನಿಮ್ಮ ಹೊಲ ಅಲ್ಲ ಅಂತ ತಿದ್ದುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸೋಡಾ, ಸೀರಿಸ್, ಡಾನ್, ಎಲ್ಲವೂ ಬಂದಿದ್ದವು. ಒಂದು ಹಸಿ ಹಪ್ಪಳ ಬಾಯಿಗೆ ತುರುಕಿಕೊಂಡೆ.

ಅವತ್ತು ಸಂಜೆ ಆಕೆಯ ಮೆಸೇಜ್ ಬಂತು. ಅಪ್ಪ ಊರೆಲ್ಲ ಫೋಟೋ ತೋರಿಸುತ್ತಿದ್ದಾರೆ, ನಿಮ್ಮ ಹತ್ತಿರ ಖರೇನೇ ಡ್ರೋನ್ ಇಲ್ಲ ಅಲ್ಲ, ಅಂತ. ಇಲ್ಲ ಅಂತ ಬರೆದೆ. ಕಳಿಸುವ ಮೊದಲು ಯಾಕೋ ವಾಲ್‌ಪೇಪರನ್ನು ದೊಡ್ಡದು ಮಾಡಿ, ಬಿಳಿ ಕಲೆಯ ಪಕ್ಕದಲ್ಲಿ ಬೇವಿನ ಗಿಡ ಇದೆಯಾ ಅಂತ ಒಮ್ಮೆ ನೋಡಿದೆ.